ಆಯಿಯ ಕೋಣೆಗೆಂದು ಎತ್ತಿಟ್ಟ ಕರೆಂಟು

ಡೊಂಬಿವಲಿಯ ನಮ್ಮ ಮನೆಯಲ್ಲಿ ಇರುವುದು ಒಂದು ಹಾಲ್, ಒಂದು ಬೆಡ್‌ರೂಮ್, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಚಿಕ್ಕ ಅಡುಗೆಮನೆ. ಆದರೆ ಬೆಡ್‌ರೂಮಿನ ಗೋಡೆಯಲ್ಲಿ ನೇತಾಡುವ ಬ್ಯಾಟರಿ ಪೆಟ್ಟಿಗೆಯ ಪ್ರಕಾರ ಇನ್ನೂ ಒಂದು ಕೋಣೆ ಇದೆ. ಪ್ರತಿದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಆ ಪೆಟ್ಟಿಗೆಯೊಳಗೆ ಟಕ್ ಎಂದು ಸದ್ದಾಗುತ್ತದೆ. ಅದರ ಪುಟ್ಟ ಪರದೆಯಲ್ಲಿ ‘ಆಯಿಚಿ ಖೋಲಿ ಚಾಲೂ’ ಎಂಬ ಅಕ್ಷರಗಳು ಮೂಡುತ್ತವೆ. ಆಯಿ ಎಂದರೆ ಮರಾಠಿಯಲ್ಲಿ ಅಮ್ಮ, ಖೋಲಿ ಎಂದರೆ ಕೋಣೆ. ಒಂದು ಗಂಟೆ ಕಳೆದ ಮೇಲೆ ಮತ್ತೊಮ್ಮೆ ಟಕ್ ಎನ್ನುತ್ತದೆ, ಅಕ್ಷರಗಳು ಆರುತ್ತವೆ. ಅಂಥ ಕೋಣೆ ನಮ್ಮ ಮನೆಯಲ್ಲಿ ಇಲ್ಲ. ಪೆಟ್ಟಿಗೆಯಲ್ಲಿ ಆ ಕೋಣೆಗೆಂದು ಇರುವ ಇನ್ನೊಂದು ತೂತಿಗೆ ಒಂದು ತಂತಿಯನ್ನೂ ನಾವು ಜೋಡಿಸಿರಲಿಲ್ಲ. ಆ ಅಮ್ಮ ಯಾರೆಂಬುದೂ ಮೊದಲ ಎರಡು ತಿಂಗಳು ನಮಗೆ ಗೊತ್ತಿರಲಿಲ್ಲ.

ನಾನು ಮೈಸೂರಿನ ನಂಜುಮಳಿಗೆಯವಳು. ಮದುವೆಯಾಗಿ ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಗಂಡ ದಿನೇಶ್ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅತ್ತೆ ಕಾಪುವಿನಿಂದ ಮೂವತ್ತು ವರ್ಷಗಳ ಹಿಂದೆ ಮದುವಣಗಿತ್ತಿಯಾಗಿ ಬಂದವರು. ತಾಯಿ ಮಗ ತುಳುವಿನಲ್ಲಿ ಜಗಳವಾಡುತ್ತಾರೆ, ನನ್ನ ಜೊತೆ ಕನ್ನಡದಲ್ಲಿ ರಾಜಿಯಾಗುತ್ತಾರೆ, ಬಾಗಿಲಿಗೆ ಬಂದ ತರಕಾರಿಯವಳೊಡನೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾರೆ. ನಾನು ಮೂರು ಭಾಷೆಯಲ್ಲೂ ತಲೆ ಮಾತ್ರ ಆಡಿಸುತ್ತಿದ್ದೆ. ಮೊದಲ ವರ್ಷ ‘ಹೋ’ ಎನ್ನುವುದನ್ನು ಕಲಿತೆ. ಮರಾಠಿಯಲ್ಲಿ ಅದು ಹೌದು ಎಂದು. ಯಾರು ಏನು ಕೇಳಿದರೂ ಹೋ ಎಂದು ಹೇಳಿ ಬೇಡದ ಮೆಂತ್ಯ ಸೊಪ್ಪು ಎಷ್ಟು ಕಟ್ಟು ಕೊಂಡಿದ್ದೇನೋ.

ಮೈಸೂರಿನಲ್ಲಿ ಕರೆಂಟು ಹೋದರೆ ನಾವು ಮನೆಯಿಂದ ಹೊರಗೆ ಬರುತ್ತಿದ್ದೆವು. ಕಾಂಪೌಂಡಿನ ಮೇಲೆ ಕುಳಿತು ಎದುರುಮನೆಯವರ ಜೊತೆ ಹರಟುತ್ತಿದ್ದೆವು. ಕರೆಂಟು ಬಂದರೆ ಬೇಸರವಾಗುತ್ತಿತ್ತು. ಇಲ್ಲಿ ಕರೆಂಟು ಹೋದರೆ ಎಲ್ಲರೂ ಬಾಗಿಲು ಹಾಕಿಕೊಂಡು ಕಿಟಕಿಯ ಬಳಿ ನಿಲ್ಲುತ್ತಾರೆ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಬಾಗಿಲು ಬಡಿಯುವುದು ಕೇಳಿಸುತ್ತದೆ, ವಾಚ್‌ಮನ್ ಓಡುತ್ತಾನೆ, ಮತ್ತೆ ಎಲ್ಲ ಸುಮ್ಮನಾಗುತ್ತದೆ. ನಮ್ಮ ಕಡೆ ಪ್ರತಿ ಶುಕ್ರವಾರ ಲೈನು ರಿಪೇರಿಯೆಂದು ಊಟದ ಹೊತ್ತಿಗೆ ಕರೆಂಟು ತೆಗೆದರೆ ಬರುವುದು ಸಂಜೆಗೇ.

ಶುಕ್ರವಾರ ನನಗೆ ಶತ್ರುವಾದದ್ದಕ್ಕೆ ಒಂದು ಕಾರಣವಿದೆ. ಠಾಣೆಯ ಒಂದು ಕಂಪನಿಯಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ ನನ್ನದು. ಎರಡು ವರ್ಷ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಹೋಗಿಬಂದೆ. ಜನ ಇಳಿಯುವ ಮೊದಲೇ ಹತ್ತುವುದು, ಬಾಗಿಲಿನ ಕಂಬ ಹಿಡಿಯುವುದು, ‘ಜರಾ ಸರಕಾ’, ಸ್ವಲ್ಪ ಸರಿಯಿರಿ, ಎಂದು ಗದರಿ ಸೀಟಿನ ತುದಿಯಲ್ಲಿ ಜಾಗ ಗಿಟ್ಟಿಸುವುದು, ಎಲ್ಲ ಕಲಿತಿದ್ದೆ. ಒಂದು ಬೆಳಿಗ್ಗೆ ಹಿಂದಿನಿಂದ ಬಂದ ನೂಕಿಗೆ ಕೈ ಜಾರಿತು. ಹೊರಟಿದ್ದ ರೈಲಿನಿಂದ ಪ್ಲಾಟ್‌ಫಾರ್ಮಿಗೆ ಬಿದ್ದೆ. ಬಲಗೈಯ ಮೂಳೆಗೆ ಕಂಬಿ ಹಾಕಿದರು. ಕೈ ಕೂಡಿಕೊಂಡಿತು, ಆದರೆ ರೈಲಿನ ಹಾರ್ನ್ ಕೇಳಿದರೆ ಇವತ್ತಿಗೂ ಅಂಗೈ ಬೆವರುತ್ತದೆ. ಕಂಪನಿಯವರು ಮನೆಯಿಂದ ಕೆಲಸ ಮಾಡಲು ಒಪ್ಪಿದರು, ಒಂದು ಷರತ್ತಿನ ಮೇಲೆ: ಕೆಲಸದ ಹೊತ್ತಿನಲ್ಲಿ ಲೈನು ಕಡಿಯಬಾರದು. ಕಡಿದರೆ ಮತ್ತೆ ಆಫೀಸಿಗೆ, ಅಂದರೆ ಮತ್ತೆ ಆ ರೈಲಿಗೆ.

ಹಾಗಾಗಿ ಸೋಲಾರ್ ಯೋಚನೆ ಬಂತು. ಟೆರೇಸಿನಲ್ಲಿ ಹಲಗೆ ಹಾಕಿಸಿದವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತಿದ್ದ ಕಾಲ ಅದು. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಈ ವಿಷಯ ಒಂದು ವರ್ಷ ಚರ್ಚೆಯಾಯಿತು. ಟೆರೇಸ್ ಯಾರದು, ನೆರಳು ಯಾರದು, ಹಪ್ಪಳ ಎಲ್ಲಿ ಒಣಗಿಸುವುದು ಎಂದು ಮಾತು ಬೆಳೆದು, ಅವರು ಒಪ್ಪಿಗೆ ಕೊಡುವ ಹೊತ್ತಿಗೆ ರಿಯಾಯಿತಿಯೇ ಮುಗಿದಿತ್ತು. ಹೊಸದನ್ನು ಹಾಕಿಸುವವರು ಹಿಂದೆ ಸರಿದರು. ಅಂಗಡಿಯವರ ಬಳಿ ಸರಕು ಉಳಿಯಿತು. ಹಳೆಯ ಮನೆಗಳಿಂದ ಬಿಚ್ಚಿ ತಂದು ದುರಸ್ತಿ ಮಾಡಿದ ಬ್ಯಾಟರಿಗಳಂತೂ ಅಗ್ಗವಾಗಿ ಸಿಗತೊಡಗಿದವು. ರಬಾಳೆಯ ಕಾರ್ಖಾನೆಗಳ ಸಾಲಿನಲ್ಲಿ ಅಂಥದ್ದೊಂದು ಶೆಡ್ ಇದೆಯೆಂದು ದಿನೇಶ್ ಪತ್ತೆ ಮಾಡಿದರು.

ಶೆಡ್ಡಿನ ಯಜಮಾನ ಈರಣ್ಣ, ವಿಜಯಪುರದ ಕಡೆಯವರು. ನನ್ನ ಕನ್ನಡ ಕೇಳಿದ್ದೇ ಸ್ಟೂಲು ಒರೆಸಿ ಕೂರಿಸಿದರು. ಗೋಡೆಯುದ್ದಕ್ಕೂ ಬೇರೆ ಬೇರೆ ಮನೆಗಳ ಪೆಟ್ಟಿಗೆಗಳು ಸಾಲಾಗಿದ್ದವು. ಒಂದರ ಮೇಲೆ ಮಕ್ಕಳು ಅಂಟಿಸಿದ ಸ್ಟಿಕ್ಕರ್, ಇನ್ನೊಂದರ ಮೇಲೆ ಒಣಗಿದ ಕುಂಕುಮ. ನಮ್ಮದನ್ನು ತೋರಿಸಿ ಈರಣ್ಣ ಹೇಳಿದರು, “ಒಳಗಿನ ಸೆಲ್ ಪೂರಾ ಹೊಸಾವು ಹಾಕೀನ್ರಿ ಅಕ್ಕಾರ. ಮೆದುಳು ಮಾತ್ರ ಹಳೇದೈತಿ. ಅದಕ್ಕ ನೋಡ್ರಿ ಇಷ್ಟ್ ಕಡಿಮಿಗೆ ಕೊಡಾಕತ್ತೀನಿ.”

ಹಳೆಯ ಮೆದುಳಿನ ತೊಂದರೆ ಮೊದಲ ಶುಕ್ರವಾರವೇ ತಿಳಿಯಿತು. ಟೆರೇಸಿನ ಹಲಗೆಯಿಂದ ಪೂರ್ತಿ ತುಂಬಿದ್ದ ಬ್ಯಾಟರಿ ಅರ್ಧಕ್ಕೆ ಇಳಿದದ್ದೇ ಕೈಕಟ್ಟಿ ನಿಂತುಬಿಟ್ಟಿತು. ಉಳಿದರ್ಧ ‘ಆಯಿಚಿ ಖೋಲಿ’ಗೆಂದು ಅದು ಎತ್ತಿಟ್ಟಿತ್ತು. ನನ್ನ ಕಂಪ್ಯೂಟರ್ ಕತ್ತಲಾಯಿತು. ನಾಲ್ಕು ಗಂಟೆಗೆ, ಯಾವ ಬಲ್ಬೂ ಉರಿಯದ ಮನೆಯಲ್ಲಿ, ಟಕ್ ಎಂದು ಅಮ್ಮನ ಕೋಣೆ ತೆರೆಯಿತು. ಅತ್ತೆ ಅಡುಗೆಮನೆಯಿಂದ ಬಂದು ಪರದೆಯನ್ನು ಓದಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಅಂದಿನಿಂದ ಅತ್ತೆ ನಾಲ್ಕಕ್ಕೆ ಆ ಕೋಣೆಯಲ್ಲಿ ಬಟ್ಟೆ ಮಡಚುವುದನ್ನು ಬಿಟ್ಟರು. ಚಪ್ಪಲಿ ಹಾಕಿಕೊಂಡು ಯಾರೂ ಆಚೀಚೆ ಹೋಗಬಾರದು ಎಂದರು. ನಾನು ನಕ್ಕೆ. ಆದರೆ ಮೂರನೆಯ ವಾರದ ಹೊತ್ತಿಗೆ ನಾಲ್ಕಾಗಲು ಐದು ನಿಮಿಷವಿರುವಾಗ ನನ್ನ ಕೈಯೂ ಟೈಪ್ ಮಾಡುವುದನ್ನು ನಿಲ್ಲಿಸಿ ಕಾಯುತ್ತಿತ್ತು. ಹೆದರಿಕೆ ಎನ್ನಲಾರೆ. ಇನ್ನೊಬ್ಬರ ಮನೆಯಲ್ಲಿ ಕೇಳದೆ ಕುಳಿತಿದ್ದೇನೆ ಎಂಬ ಮುಜುಗರ ಅದು. ಈ ಊರಿಗೆ ಬಂದಾಗಿನಿಂದ ನನಗೆ ಅದು ಹೊಸದೇನಲ್ಲ.

ಎಂಟು ಶುಕ್ರವಾರಗಳಲ್ಲಿ ಮೂರು ಸಲ ನನ್ನ ಲೈನು ಕಡಿಯಿತು. ಮೇಲಧಿಕಾರಿ ಫೋನ್ ಮಾಡಿ, ಇನ್ನೊಂದು ಸಲ ಹೀಗಾದರೆ ದಿನಾ ಆಫೀಸಿಗೆ ಬರಬೇಕು ಎಂದು ಮೃದುವಾಗಿಯೇ ಹೇಳಿದರು. ಈರಣ್ಣನವರನ್ನು ಕೇಳಿದೆ. “ಬಾಜೂಕ ಒಂದು ಗುಂಡಿ ಐತಿ ನೋಡ್ರಿ, ಹತ್ತೆಣಿಸೋತನಕ ಒತ್ತಿ ಹಿಡೀರಿ. ಹಳೇದೆಲ್ಲಾ ಅಳಿಸಿ ಹೊಕ್ಕೈತಿ” ಎಂದರು.

ಬೆರಳಿಟ್ಟಿದ್ದೆ, ಅತ್ತೆ ಕೈ ಹಿಡಿದರು.

“ಅದು ಯಾರದ್ದೋ ತಾಯಿ ಮಾರಾಯ್ತಿ. ಕೂತಲ್ಲಿಂದ ಎಬ್ಬಿಸಿ ಹೊರಗೆ ಹಾಕುದು ಅಂದ್ರೆ ಸುಮ್ಮನೆ ಆಗ್ತದಾ? ಒಂದು ಎಲೆ ಬಡಿಸ್ಬೇಕು. ಉಂಡು ಹೋಗ್ಲಿ.”

ಕರಾವಳಿಯ ತುಳುವರು ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ. ಕುಲೆಗಳಿಗೆ ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಕರೆದು, ಬಾಗಿಲು ಹಾಕಿ, ಅವರು ಉಣ್ಣುವವರೆಗೆ ಹೊರಗೆ ಕಾಯುವುದು ಅವರ ಪದ್ಧತಿ. ನಮ್ಮ ಮೈಸೂರಿನಲ್ಲೂ ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ, ಆದರೆ ನಮ್ಮವರಿಗೆ ಮಾತ್ರ. ಗುರುತಿಲ್ಲದವರಿಗೆ ಇಡುವುದನ್ನು ನಾನು ಕೇಳಿರಲಿಲ್ಲ.

“ಅತ್ತೆ, ಅವರು ಸತ್ತಿದ್ದಾರೆ ಅಂತ ಯಾರು ಹೇಳಿದ್ರು?” ಎಂದೆ.

“ತಾಯಿ ಬದುಕಿರುವಾಗ ಅವಳ ಕೋಣೆಗೆ ಇಟ್ಟದ್ದನ್ನು ಮಾರುವ ಮಗ ಉಂಟಾ?”

ನಾನು ಗುಂಡಿಯಿಂದ ಬೆರಳು ತೆಗೆದೆ.

ಬುಧವಾರ ಮಧ್ಯಾಹ್ನ ಬಡಿಸಿದೆವು. ದಿನೇಶ್ ಕೆಲಸಕ್ಕೆ ಹೋಗಿದ್ದರು. ಪೆಟ್ಟಿಗೆಯ ಕೆಳಗೆ ನೆಲ ಸಾರಿಸಿ ಬಾಳೆಲೆ ಹಾಸಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಎಲೆಯ ನಡುವೆ ಅನ್ನಕ್ಕೆ ಒರಗಿಸಿ ಒಂದು ಹುರಿದ ಬಂಗುಡೆ, ಒಂದು ಲೋಟ ನೀರು. ಮರಾಠಿಯವರಿಗೆ ನಮ್ಮ ಅನ್ನ ಸೇರದಿದ್ದರೆ ಎಂದು ಅತ್ತೆ ಎರಡು ಚಪಾತಿಯನ್ನೂ ಇಟ್ಟರು. ಆಮೇಲೆ ನನ್ನನ್ನು ಮುಂದೆ ದೂಡಿದರು. “ಅಳಿಸುದು ನಿನ್ನ ಕೈ ಅಲ್ವಾ, ನೀನೇ ಕರಿ.”

ಹೆಸರು ಗೊತ್ತಿರಲಿಲ್ಲ. ಆಯಿ ಎಂದು ಕರೆಯಬೇಕೆಂದುಕೊಂಡು ಬಾಯಿ ತೆರೆದೆ. ಬಂದದ್ದು ಬೇರೆ. “ಅಮ್ಮ, ಬಾಮ್ಮ, ಊಟ ಮಾಡು” ಎಂದೆ. ಮನೆಯಲ್ಲಿ ತಟ್ಟೆ ಹಾಕಿ ಕರೆಯುವಂತೆಯೇ ಕರೆದುಬಿಟ್ಟೆ.

ಬಾಗಿಲು ಹಾಕಿದೆವು. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಹಾಲಿನಲ್ಲಿ ಇಬ್ಬರೂ ಅರ್ಧ ಗಂಟೆ ಕುಳಿತೆವು. ಅತ್ತೆ ಕೆಮ್ಮಿ ಬಾಗಿಲು ತೆರೆದರು. ಅನ್ನದ ರಾಶಿಯ ಒಂದು ಬದಿ ಕುಸಿದಿತ್ತು. ನಡುವೆ ಇಟ್ಟಿದ್ದ ಬಂಗುಡೆ ಎಲೆಯ ಅಂಚಿಗೆ ಸರಿದಿತ್ತು. ಬಿಸಿ ಅನ್ನ ತಣಿದರೆ ಕುಸಿಯುತ್ತದೆ, ಕುಸಿದರೆ ಮೀನು ಜಾರುತ್ತದೆ, ಅದು ನನಗೂ ಗೊತ್ತು. “ಉಂಡರು” ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾನು ಆ ಮೀನನ್ನೇ ನೋಡುತ್ತಾ ನಿಂತೆ.

ಆಮೇಲೆ ಗುಂಡಿ ಒತ್ತಿ ಹತ್ತೆಣಿಸಿದೆ. ಅಳಿಸುವ ಮೊದಲು ಪೆಟ್ಟಿಗೆ ಒಂದು ಗುಪ್ತ ಸಂಖ್ಯೆ ಕೇಳಿತು. ಅದು ಈರಣ್ಣನವರಿಗೂ ಗೊತ್ತಿರಲಿಲ್ಲ. ಮಾರಿದವರ ಅನುಮತಿ ಪಡೆದು ಅವರ ನಂಬರ್ ಕೊಟ್ಟರು. ಖಾರಘರದಲ್ಲಿರುವ ಒಬ್ಬರು. ಅತ್ತೆಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿ, ಹಿಂದಿ ಮರಾಠಿ ಬೆರೆಸಿ ವಿಷಯ ಹೇಳಿದೆ. ಆ ಕಡೆಯವರು ಸ್ವಲ್ಪ ಯೋಚಿಸಿ ಅಂದರು, “ಥಾಂಬಾ. ಆಯಿಲಾ ವಿಚಾರತೋ.”

ತಡೆಯಿರಿ, ಅಮ್ಮನನ್ನು ಕೇಳುತ್ತೇನೆ.

ಅತ್ತೆ ನನ್ನ ಕೈಯಲ್ಲಿದ್ದ ಫೋನಿಗೆ ಕಿವಿ ತಂದಿಟ್ಟರು. ಫೋನಿನಲ್ಲಿ ಹೆಜ್ಜೆಯ ಸದ್ದು, ಟಿವಿಯ ಸದ್ದು, ಆಮೇಲೆ ಒಂದು ಮುದಿ ಗಂಟಲು. ನನ್ನ ಹೆಸರು ಕೇಳಿತು, ಊರು ಕೇಳಿತು. ಸಂಖ್ಯೆ ತನಗೆ ಗೊತ್ತು, ಆದರೆ ಫೋನಿನಲ್ಲಿ ಹೇಳುವುದಿಲ್ಲ, ಮನೆಗೆ ಬಾ ಎಂದಿತು. ಎಲೆ ಇನ್ನೂ ನಮ್ಮ ಬೆನ್ನ ಹಿಂದೆಯೇ ಇತ್ತು.

ಬದುಕಿರುವವರಿಗೆ ಕುಲೆಯ ಊಟ ಬಡಿಸುವುದೆಂದರೆ ಅವರನ್ನು ಸಾಯಲು ಕರೆದಂತೆ. ಅತ್ತೆ ಅಂದು ಊಟ ಮಾಡಲಿಲ್ಲ. ಮರುದಿನವೂ ಒಂದು ಲೋಟ ಗಂಜಿ ಕುಡಿದರಷ್ಟೆ. “ಆ ಹೆಂಗಸಿಗೆ ಏನಾದ್ರೂ ಆದ್ರೆ ನಾನು ಮಾಡಿದ್ದು” ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ದಿನೇಶ್ ಸಮಾಧಾನ ಹೇಳಿ ಸೋತರು. ಶುಕ್ರವಾರ ನಾನು ರಜೆ ಹಾಕಿದೆ. ಕೊನೆಗೆ ಅತ್ತೆಯೇ ಹೇಳಿದರು, “ಬಡಿಸಿದ ಕೈಯಿಂದಲೇ ಅವರು ಬದುಕಿದ್ದು ಉಣ್ಬೇಕು. ನನ್ನನ್ನು ಕರ್ಕೊಂಡು ಹೋಗು.” ಭಾನುವಾರ ಹೋಟೆಲಿನಲ್ಲಿ ಜನ ಹೆಚ್ಚು, ದಿನೇಶ್‌ಗೆ ಬಿಡುವಿಲ್ಲ. ಟ್ಯಾಕ್ಸಿಯೆಂದರೆ ಅತ್ತೆಗೆ ಹೊಟ್ಟೆ ತೊಳೆಸುತ್ತದೆ. ನಾನೇ ರೈಲಿನಲ್ಲಿ ಕರೆದುಕೊಂಡು ಹೋಗಬೇಕಿತ್ತು.

ಹೆಸರುಬೇಳೆ ಪಾಯಸದ ಡಬ್ಬಿ ಹಿಡಿದು ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತೆವು. ಭಾನುವಾರದ ಮಧ್ಯಾಹ್ನ, ಜನ ಕಡಿಮೆ. ಆದರೂ ರೈಲು ಬಂದಾಗ ಕಾಲು ಮೇಲೇಳಲಿಲ್ಲ. ಒಂದು ರೈಲು ಬಿಟ್ಟೆವು. ಎರಡನೆಯದಕ್ಕೆ ಅತ್ತೆ ನನ್ನ ಕಂಬಿಯಿರುವ ಕೈಯನ್ನೇ ಹಿಡಿದು ಮೊದಲು ತಾವು ಹತ್ತಿದರು, ಹಿಂದೆ ನನ್ನನ್ನು ಎಳೆದುಕೊಂಡರು. ಠಾಣೆಯಲ್ಲಿ ಇಳಿದು ಪನವೇಲ್ ಕಡೆಯ ರೈಲು ಹಿಡಿದೆವು. ರಬಾಳೆ ಬಂತು, ಹೋಯಿತು. ಖಾರಘರದಲ್ಲಿ ಇಳಿಯುವಾಗ ನನ್ನ ಬೆನ್ನು ಒದ್ದೆಯಾಗಿತ್ತು. ಆದರೆ ಎರಡು ರೈಲು ಹತ್ತಿ ಇಳಿದಿದ್ದೆ. ಯಾರಿಗೂ ಹೇಳಿಕೊಳ್ಳುವಂಥ ಗೆಲುವಲ್ಲ ಅದು, ಆದರೂ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆಯಿಯ ಮಗನ ಫ್ಲಾಟು ಹದಿನಾಲ್ಕನೆಯ ಮಹಡಿಯಲ್ಲಿತ್ತು, ಕಿಟಕಿಯ ತುಂಬ ಗುಡ್ಡ. ಮಗ ಸೊಸೆ ಒಳ್ಳೆಯವರು, ನೀರು ಕೊಟ್ಟು, ಚಹಾಕ್ಕಿಟ್ಟರು. ಒಂದು ಕೋಣೆ ಅವರದು, ಇನ್ನೊಂದು ಪರೀಕ್ಷೆಗೆ ಓದುತ್ತಿರುವ ಮಕ್ಕಳದು. ಹಾಲಿನ ಗೋಡೆಗೆ ತಾಗಿದ ದಿವಾನದ ಮೇಲೆ ತೆಳ್ಳನೆಯ ಮುದುಕಿಯೊಬ್ಬರು ಕಾಲು ಮಡಚಿ ಕುಳಿತಿದ್ದರು. ದಿವಾನದ ಕೆಳಗೆ ಒಂದು ಸೂಟ್‌ಕೇಸಿತ್ತು, ಅದರ ಬಾಯಿಂದ ಒಂದು ಸೀರೆಯ ಅಂಚು ಹೊರಗೆ ಇಣುಕುತ್ತಿತ್ತು.

ಅವರ ಮೊದಲ ಪ್ರಶ್ನೆ, “ನಾಲ್ಕು ಗಂಟೆಗೆ ಈಗಲೂ ಟಕ್ ಅನ್ನುತ್ತಾ?”

“ಅನ್ನುತ್ತದೆ” ಎಂದೆ. ಅವರ ಮುಖ ಅರಳಿತು.

ಅಂಬರನಾಥದಲ್ಲಿ ಅವರದೊಂದು ಸ್ವಂತ ಮನೆಯಿತ್ತು. ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಿವೃತ್ತರಾದ ಮೇಲೆ ಸೂರಿನ ಮೇಲೆ ಸೋಲಾರ್ ಹಾಕಿಸಿದರು. ನಾಲ್ಕು ಗಂಟೆಗೆ ಆಯಿ ತಮ್ಮ ಕೋಣೆಯಲ್ಲಿ ರೇಡಿಯೊ ಹಾಕಿ ವಿಠ್ಠಲನ ಹಾಡುಗಳಾದ ಅಭಂಗ ಕೇಳುತ್ತಿದ್ದರು, ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಗಂಡ ಒಂದು ದಿನ ಕುಳಿತು, ಮನೆಯ ಉಳಿದ ದೀಪವೆಲ್ಲ ಆರಿದರೂ ಹೆಂಡತಿಯ ಕೋಣೆಯ ಫ್ಯಾನು ಮತ್ತು ಹಾಡು ನಿಲ್ಲದಂತೆ ಅರ್ಧ ಬ್ಯಾಟರಿಯನ್ನು ಬೇರೆ ಮಾಡಿಟ್ಟರು. ಅವರು ತೀರಿಕೊಂಡ ಮೇಲೆ ಮಗ ಮನೆ ಮಾರಿದರು, ಜೊತೆಗೆ ಬ್ಯಾಟರಿಯೂ ಹೋಯಿತು. ಇಷ್ಟನ್ನೂ ಆಯಿ ಯಾರ ಮೇಲೂ ದೂರಿಲ್ಲದೆ ಹೇಳಿದರು. ಮಗ ಕಿಟಕಿಯ ಕಡೆಗೆ ತಿರುಗಿ ಗುಡ್ಡವನ್ನು ನೋಡುತ್ತಿದ್ದರು.

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಆಯಿಯ ಕಾಲಿನ ಬಳಿ ಕುಳಿತು, ಮೂವತ್ತು ವರ್ಷ ಸಂತೆಯಲ್ಲಿ ಕಲಿತ ಮರಾಠಿಯಲ್ಲಿ ಎಲ್ಲ ಹೇಳಿಬಿಟ್ಟರು. ನಿಮ್ಮನ್ನು ಸತ್ತವರೆಂದುಕೊಂಡೆ, ಎಲೆ ಹಾಕಿದೆ, ಕರೆಸಿದೆ, ತಪ್ಪಾಯಿತು. ಒಳಗಿನಿಂದ ಸೊಸೆ ಚಹಾದ ಟ್ರೇ ಹಿಡಿದು ಬಂದವರು ಅಲ್ಲೇ ನಿಂತರು. ನಮ್ಮನ್ನು ಎಬ್ಬಿಸಿ ಕಳಿಸುತ್ತಾರೆಂದೇ ನಾನು ತಿಳಿದೆ.

ಆಯಿ ಬಗ್ಗಿ ಅತ್ತೆಯ ಮುಖ ನೋಡಿದರು. ಆಮೇಲೆ ಕೇಳಿದರು, “ಎಲೆಗೆ ಏನು ಬಡಿಸಿದ್ದೆ?”

“ಬಂಗುಡೆ.”

“ಬಾಂಗಡಾ?” ಆಯಿ ಸೆರಗು ಸರಿಸಿ ಕೊರಳಿನ ತುಳಸಿಮಣಿಯ ಸರ ತೋರಿಸಿದರು. “ನಾನು ಮಾಳಕರಿ.” ಪಂಢರಪುರದ ವಿಠ್ಠಲನ ಹೆಸರಿನಲ್ಲಿ ತುಳಸಿಮಾಲೆ ಹಾಕಿಕೊಂಡವರು ಮಾಳಕರಿಗಳು, ಮೀನು ಮಾಂಸ ಮುಟ್ಟುವವರಲ್ಲ. “ಹಾಗಾದರೆ ಅದು ನನಗೆ ಮುಟ್ಟಲೇ ಇಲ್ಲ. ಏಳು, ಅಳಬೇಡ” ಎಂದು ನಕ್ಕರು. ಅತ್ತೆ ಅಳುತ್ತಲೇ ನಕ್ಕರು.

“ಆದರೆ ಯಾರೋ ಉಂಡಿದ್ದಾರೆ. ಅನ್ನ ಕುಸಿದಿತ್ತು, ಮೀನು ಸರಿದಿತ್ತು” ಎಂದರು ಅತ್ತೆ, ಬಿಡದೆ.

ಆಯಿಯ ನಗು ನಿಂತಿತು. “ನಮ್ಮ ಯಜಮಾನರಿಗೆ ಬಾಂಗಡಾ ಅಂದರೆ ಪ್ರಾಣ. ನಾನು ಮಾಲೆ ಹಾಕಿದ ಮೇಲೆ ಮನೆಗೆ ತರುವುದನ್ನೇ ಬಿಟ್ಟರು. ಬೇಕು ಅಂತ ಒಂದು ದಿನ ಬಾಯಿಬಿಟ್ಟು ಕೇಳಲಿಲ್ಲ. ಸತ್ತ ಮೇಲೂ ಈ ಮಗ ಎಡೆಗೆ ಹೋಳಿಗೆ, ಪುರಣಪೋಳಿಯನ್ನೇ ಇಡುತ್ತಾನೆ.” ಅತ್ತೆಯ ಕೈ ಹಿಡಿದುಕೊಂಡರು. “ನೀನು ಕೊಟ್ಟೆ. ಒಳ್ಳೆಯದಾಯಿತು.”

ಅತ್ತೆ ಪಾಯಸದ ಡಬ್ಬಿ ತೆರೆದು ಚಮಚದಲ್ಲಿ ಎತ್ತಿ ಕೊಟ್ಟರು. ಆಯಿ ಪೂರ್ತಿ ತಿಂದರು, ತಳ ಕೆರೆದು ತಿಂದರು. ಬೀಳ್ಕೊಡುವಾಗ ಒಂದು ಚೀಟಿಯಲ್ಲಿ ಸಂಖ್ಯೆ ಬರೆದು ನನ್ನ ಮುಷ್ಟಿಯೊಳಗೆ ಇಟ್ಟು ಮುಚ್ಚಿದರು. “ಅಳಿಸಬೇಡ ಮಗಳೇ. ಕಡಿಮೆ ಮಾಡಿಕೋ. ನನ್ನ ಕೋಣೆ ಅಂತ ಇರುವುದು ಈಗ ಅಲ್ಲೊಂದೇ.”

ಈ ಮಾತು ಮಗನಿಗೂ ಕೇಳಿಸಿತು. ಅವರು ನಮ್ಮನ್ನು ಲಿಫ್ಟಿನವರೆಗೆ ಬಿಡಲು ಬಂದು, ಬಾಗಿಲು ಮುಚ್ಚುವವರೆಗೂ ತಲೆ ಎತ್ತಲಿಲ್ಲ.

ಈಗ ಆ ಸಂಖ್ಯೆ ಒತ್ತಿ, ಎತ್ತಿಟ್ಟ ಅರ್ಧವನ್ನು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದ್ದೇನೆ. ಶುಕ್ರವಾರಗಳು ಸಂಜೆಯವರೆಗೆ ಸಲೀಸಾಗಿ ಸಾಗುತ್ತಿವೆ, ಮೇಲಧಿಕಾರಿ ಮತ್ತೆ ಫೋನ್ ಮಾಡಿಲ್ಲ. ನಾಲ್ಕು ಗಂಟೆಗೆ ಟಕ್ ಎಂದಾಗ ಅತ್ತೆ ಅಡುಗೆಮನೆಯಿಂದಲೇ “ಆಯಿ ಕೂತ್ರು” ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಎಲೆಯ ವಿಷಯ ಮುಗಿದಿದೆ. ಉಂಡದ್ದು ಆಯಿಯ ಗಂಡ.

ನಾನು ಅತ್ತೆಗೆ ಹೇಳದ ಒಂದು ಮಾತಿದೆ. ನನ್ನ ಅಮ್ಮ ಈ ಮನೆಗೆ ಒಂದೇ ಒಂದು ಸಲ ಬಂದಿದ್ದಳು, ನನ್ನ ಮದುವೆಯಾದ ವರ್ಷ. ಸಮುದ್ರದ ಮೀನು ತಿಂದು ಅಭ್ಯಾಸವಿಲ್ಲದವಳು ಅತ್ತೆ ಹುರಿದ ಬಂಗುಡೆಯನ್ನು ಎರಡನೆಯ ಸಲ ಹಾಕಿಸಿಕೊಂಡಳು. ಅಮ್ಮನಿಗೊಂದು ಅಭ್ಯಾಸವಿತ್ತು. ತಟ್ಟೆಯಲ್ಲಿ ಯಾವುದು ರುಚಿಯೋ ಅದನ್ನು ಬೆರಳಿನಿಂದ ಅಂಚಿಗೆ ಸರಿಸಿ, ಅನ್ನವನ್ನು ಈ ಬದಿಯಿಂದ ಉಣ್ಣುತ್ತಾ ಬಂದು, ಅದನ್ನು ಕೊನೆಗೆ ಉಳಿಸಿಕೊಳ್ಳುವುದು. ಮರುವರ್ಷ ಅವಳು ಹೋದಳು. ಮೈಸೂರಿನಲ್ಲಿ ಅಣ್ಣ ವರ್ಷಕ್ಕೊಮ್ಮೆ ಎಡೆ ಇಡುತ್ತಾನೆ. ಕೊಟ್ಟ ಹೆಣ್ಣು ಬೇರೆ ಮನೆಯವಳು, ನಾನು ಇಡುವ ಹಾಗಿಲ್ಲ. ಅಲ್ಲಿ ನನ್ನ ಕೈಗೆ ಹಕ್ಕಿಲ್ಲ, ಇಲ್ಲಿ ನನ್ನ ಸತ್ತವರಿಗೆ ಜಾಗವಿಲ್ಲ ಎಂದುಕೊಂಡೇ ಮೂರು ವರ್ಷ ಕಳೆದಿದ್ದೆ.

ಪೆಟ್ಟಿಗೆಯ ಆ ಇನ್ನೊಂದು ತೂತಿಗೆ ಕಳೆದ ವಾರ ಒಂದು ಚಿಕ್ಕ ದೀಪ ಜೋಡಿಸಿದ್ದೇನೆ. ಅತ್ತೆಯ ಪ್ರಕಾರ ಅದು ಆಯಿಗಾಗಿ. ನಾಲ್ಕು ಗಂಟೆಗೆ ಅದು ಹತ್ತಿಕೊಂಡಾಗ ನಾನು ಕೆಲಸ ನಿಲ್ಲಿಸಿ ಸ್ವಲ್ಪ ಸರಿದು ಕೂರುತ್ತೇನೆ, ಅಮ್ಮನಿಗೂ ಕೂರಲು ಜಾಗವಾಗಲಿ ಎಂದು.